ಸ್ಟೋಮಾ ಪಕ್ಕದಲ್ಲಿ ಹರ್ನಿಯಾ ಬಾರದಂತೆ ನೋಡಿಕೊಳ್ಳುವುದು ಹೇಗೆ: ಆಪರೇಷನ್‌ಗೆ ಮುಂಚಿನಿಂದ ಮೊದಲ ವರ್ಷದವರೆಗೆ

ಮಲ ಹೊರಗೆ ಬರಲು ಆಪರೇಷನ್ ಮಾಡಿ ಕರುಳನ್ನು ಹೊಟ್ಟೆಯ ಮೇಲೆ ತೆರೆದಿಡುವ ಬಾಯಿಗೆ ಸ್ಟೋಮಾ ಅನ್ನುತ್ತಾರೆ. ಅದರ ಮೇಲೆ ಅಂಟಿಸಿದ ಬ್ಯಾಗಿಗೆ ಮಲ ಬೀಳುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೆ ಫೋನ್ ಮಾಡುವ ಸ್ಟೋಮಾದವರ ಮಾತು ಹೆಚ್ಚುಕಡಿಮೆ ಒಂದೇ. "ಮೂರು ತಿಂಗಳು ಒಂದು ಕಡ್ಡಿ ಎತ್ತಿಲ್ಲ. ಹೇಳಿದ ಹಾಗೇ ಇದ್ದೆವು. ಆದರೂ ಬ್ಯಾಗಿನ ಪಕ್ಕ ಉಬ್ಬಿದೆ." ನಾಲ್ಕನೇ ತಿಂಗಳು ಏನು ಮಾಡಿದಿರಿ ಅಂತ ಕೇಳಿದರೆ, ಅಡಿಕೆ ಗೋಣಿ, ಸೊಪ್ಪಿನ ಹೊರೆ, ಬಾವಿಯ ನೀರು ಅಂತ ಒಂದೊಂದೇ ಹೊರಗೆ ಬರುತ್ತದೆ. ನಮ್ಮ ಅಪ್ಪನೂ ಹಾಗೇ ಮಾಡಿದ್ದರು. ಗುದನಾಳದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಎಂಟನೇ ತಿಂಗಳಿಗೆ ಅವರಿಗೆ ಹರ್ನಿಯಾ ಕಂಡಿತು. ಆಸ್ಪತ್ರೆಯಿಂದ ಕೊಟ್ಟ ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು: ಭಾರ ಎತ್ತಬಾರದು.

ಆ ಸಾಲು ಸರಿ, ಆದರೆ ಸಾಲದು. ಪೂರ್ತಿ ಸುಮ್ನೆ ಮಲಗಿ, ಹೊಟ್ಟೆಯ ಸ್ನಾಯು ಸೊರಗಿದ ಮೇಲೆ ಒಮ್ಮೆಲೇ ಭಾರಕ್ಕೆ ಕೈ ಹಾಕುವುದೇ ನಾನು ಕಂಡ ದೊಡ್ಡ ತಪ್ಪು. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಕೊನೆ. ನಿಮ್ಮ ಹೊಟ್ಟೆ ತೆರೆದು ನೋಡಿದವರು ಅವರು.

ಮೊದಲು ತಿಳಿದಿರಬೇಕಾದ ಒಂದು ವಿಷಯ

ಕರುಳನ್ನು ಹೊರಗೆ ತರಲು ಸರ್ಜನ್ ಹೊಟ್ಟೆಯ ಸ್ನಾಯುವಿನಲ್ಲಿ ಒಂದು ತೂತು ಮಾಡುತ್ತಾರೆ. ಶಾಶ್ವತ ಸ್ಟೋಮಾ ಅಂದರೆ ಆ ತೂತು ಮುಚ್ಚುವುದೇ ಇಲ್ಲ. ಗೋಣಿಯಲ್ಲಿ ಒಂದು ತೂತು ಇದ್ದು, ಒಳಗಿನಿಂದ ಅಡಿಕೆ ಒತ್ತುತ್ತಾ ಇದ್ದರೆ ಏನಾಗುತ್ತದೆ? ದಾರಗಳು ಸರಿದು ತೂತು ಅಗಲವಾಗುತ್ತದೆ. ಕೆಮ್ಮಿದಾಗ, ತಿಣುಕಿದಾಗ, ಎತ್ತಿದಾಗ ಹೊಟ್ಟೆಯೊಳಗೆ ಅಂಥದೇ ಒತ್ತಡ ಏಳುತ್ತದೆ. ತೂತು ಅಗಲವಾದರೆ ಕರುಳಿನ ಇನ್ನೊಂದು ಸುರುಳಿ ಸ್ಟೋಮಾದ ಪಕ್ಕದಿಂದ ಚರ್ಮದ ಕೆಳಗೆ ನುಗ್ಗುತ್ತದೆ. ಅದೇ ಹರ್ನಿಯಾ.

ಇದು ಅಪರೂಪದ ತೊಂದರೆ ಅಲ್ಲ. ದೊಡ್ಡ ಕರುಳಿನ ಶಾಶ್ವತ ಸ್ಟೋಮಾ, ಅಂದರೆ ಕೊಲೊಸ್ಟೊಮಿ ಇರುವವರಲ್ಲಿ ಅರ್ಧದಷ್ಟು ಜನರಿಗೆ ಬಂದರೂ ಆಶ್ಚರ್ಯವಿಲ್ಲ. ಹೆಚ್ಚಿನವು ಕಾಣಿಸುವುದು ಮೊದಲ ಎರಡು ವರ್ಷದಲ್ಲಿ. ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಬಂದೇ ಬರುತ್ತದೆ, ಅದು ಅವರ ತಪ್ಪಲ್ಲ. ನಮ್ಮ ಕೈಯಲ್ಲಿರುವುದು ಆ ಸಾಧ್ಯತೆಯನ್ನು ಕಡಿಮೆ ಮಾಡುವುದು, ಬಂದರೂ ಸಣ್ಣದಿರುವಾಗಲೇ ಹಿಡಿಯುವುದು.

ಬೇಕಾಗುವ ಸಾಮಾನು

ಟೈಲರ್ ಬಳಸುವ ಅಳತೆ ಟೇಪು. ನಿಂತು ಹೊಟ್ಟೆ ನೋಡುವಷ್ಟು ದೊಡ್ಡ ಕನ್ನಡಿ. ಗಟ್ಟಿಯಾದ ಒಂದು ಪುಟ್ಟ ದಿಂಬು. ಬ್ಯಾಗಿನ ಪೆಟ್ಟಿಗೆಯಲ್ಲಿ ಬರುವ, ವೃತ್ತಗಳಿರುವ ಅಳತೆ ಕಾರ್ಡು (ಎಸೆಯಬೇಡಿ). ಹೊಟ್ಟೆಗೆ ಆಧಾರ ಕೊಡುವ ಬೆಲ್ಟ್ ಎರಡು. ಒಂದು ನೋಟುಪುಸ್ತಕ. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದ್ದರೆ ಅದೂ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಆಪರೇಷನ್‌ಗೆ ಮುಂಚೆ

ತುರ್ತಾಗಿ ಆಪರೇಷನ್ ಆದವರಿಗೆ ಈ ಹಂತ ಸಿಗುವುದಿಲ್ಲ. ದಿನ ನಿಗದಿಯಾಗಿದ್ದರೆ ಮಾತ್ರ ಬಿಡಬೇಡಿ.

ಜಾಗ ಗುರುತು ಮಾಡಿಸಿಕೊಳ್ಳಿ. ಸ್ಟೋಮಾ ಎಲ್ಲಿ ಬರಬೇಕು ಅಂತ ಮೊದಲೇ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮಲಗಿಸಿ ಮಾತ್ರ ನೋಡಿದರೆ ಸಾಲದು. ಕೂತು, ನಿಂತು, ಬಗ್ಗಿ ತೋರಿಸಿ. ಮಡಿಕೆ ಬೀಳುವ ಜಾಗ, ಹಳೆಯ ಗಾಯದ ಕಲೆ, ಸೊಂಟದ ಮೂಳೆಯ ಹತ್ತಿರ ಬೇಡ. ನಿಮಗೆ ಕಣ್ಣಿಗೆ ಕಾಣುವ ಜಾಗವಾಗಿರಬೇಕು. ಆಸ್ಪತ್ರೆಯ ಗೌನಿನಲ್ಲಿ ಹೋಗಬೇಡಿ, ನೀವು ದಿನಾ ಉಡುವ ಬಟ್ಟೆಯಲ್ಲೇ ಹೋಗಿ. ಮುಂಡಿನ ಗಂಟು ಎಲ್ಲಿ ಬರುತ್ತದೆ, ಒಳಲಂಗದ ಲಾಡಿ ಎಲ್ಲಿ ಬಿಗಿಯುತ್ತದೆ ಅಂತ ತೋರಿಸಿ. ಗಂಟು ಸ್ಟೋಮಾದ ಮೇಲೇ ಬಂದರೆ ಜೀವನಪೂರ್ತಿ ಕಷ್ಟ.

ಬಲೆಯ ಬಗ್ಗೆ ಕೇಳಿ. ಶಾಶ್ವತ ಕೊಲೊಸ್ಟೊಮಿ ಮಾಡುವಾಗಲೇ ಹರ್ನಿಯಾ ತಡೆಯಲು ಸ್ಟೋಮಾದ ಸುತ್ತ ತೆಳುವಾದ ಬಲೆ, ಅಂದರೆ ಮೆಶ್, ಇಡುವ ಪದ್ಧತಿ ಇದೆ. ಯುರೋಪಿನ ಹರ್ನಿಯಾ ತಜ್ಞರ ಸಂಘ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇದನ್ನು ಶಿಫಾರಸು ಮಾಡಿತ್ತು. ಆದರೂ ಎಲ್ಲ ಸರ್ಜನ್‌ಗಳೂ ಒಪ್ಪುವುದಿಲ್ಲ, ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ. "ನನಗೆ ಮೆಶ್ ಹಾಕಬಹುದಾ? ಬೇಡವಾದರೆ ಯಾಕೆ?" ಇಷ್ಟು ಕೇಳಿದರೆ ಸಾಕು. ಕೇಳುವುದರಲ್ಲಿ ಸಂಕೋಚ ಬೇಡ.

ಬೀಡಿ, ಸಿಗರೇಟು ಬಿಡಿ. ಕನಿಷ್ಠ ನಾಲ್ಕು ವಾರ ಮುಂಚೆ ಬಿಟ್ಟರೆ ಗಾಯ ಮಾಯಲು ಒಳ್ಳೆಯದು, ಕೆಮ್ಮೂ ಇಳಿಯುತ್ತದೆ. ಎಲೆ ಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪಿನಲ್ಲೂ ನಿಕೋಟಿನ್ ಇದೆ, ಅದನ್ನೂ ಬಿಡಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ಹಳೆಯ ಕೆಮ್ಮು, ದಮ್ಮು, ಮೂತ್ರಕ್ಕೆ ತಿಣುಕಬೇಕಾದ ಪ್ರಾಸ್ಟೇಟ್ ತೊಂದರೆ ಇದ್ದರೆ ಮುಂಚೆಯೇ ಔಷಧಿ ಶುರು ಮಾಡಿಸಿ. ಅಪ್ಪನಿಗೆ ರಾತ್ರಿ ನಾಲ್ಕು ಸಲ ಏಳುವ ಅಭ್ಯಾಸ ಇತ್ತು, ಪ್ರತಿ ಸಲವೂ ತಿಣುಕುತ್ತಿದ್ದರು. ಅದಕ್ಕೂ ಹೊಟ್ಟೆಯ ತೂತಿಗೂ ಸಂಬಂಧ ಇದೆ ಅಂತ ನಮಗೆ ಹೊಳೆದೇ ಇರಲಿಲ್ಲ.

ಹಂತ 2: ಮೊದಲ ಎರಡು ವಾರ, ಏಳುವುದು ಮತ್ತು ಕೆಮ್ಮುವುದು

ಹೆಚ್ಚಿನವರು ಈ ಹಂತವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ ಇದು. ಇಲ್ಲಿ ತಪ್ಪಿದರೆ ಮುಂದಿನ ಎಚ್ಚರಿಕೆಗೆ ಅರ್ಥ ಕಡಿಮೆ.

ಹಾಸಿಗೆಯಿಂದ ನೇರವಾಗಿ ಏಳಬೇಡಿ. ಮಗ, ಸೊಸೆ ಕೈ ಹಿಡಿದು ಮುಂದಕ್ಕೆ ಎಳೆಯುವುದೂ ಬೇಡ, ಆಗಲೂ ಹೊಟ್ಟೆಯ ಮಧ್ಯಕ್ಕೇ ಬಲ ಬೀಳುತ್ತದೆ. ಸರಿಯಾದ ಕ್ರಮ ಹೀಗೆ. ಮೊಣಕಾಲು ಮಡಚಿ. ಭುಜ, ಸೊಂಟ, ಮೊಣಕಾಲು ಮೂರನ್ನೂ ಒಟ್ಟಿಗೆ ತಿರುಗಿಸಿ ಮಗ್ಗುಲಾಗಿ, ಮರದ ದಿಮ್ಮಿ ಉರುಳಿದ ಹಾಗೆ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಿ. ಅದೇ ಹೊತ್ತಿಗೆ ಕೆಳಗಿನ ಮೊಣಕೈ, ಮೇಲಿನ ಅಂಗೈ ಊರಿ ಎದ್ದು ಕೂರಿ. ಉಸಿರು ಹೊರಗೆ ಬಿಡುತ್ತಾ ಏಳಿ, ಕಟ್ಟಿ ಹಿಡಿಯಬೇಡಿ. ನೆಲದಲ್ಲಿ ಚಾಪೆ ಹಾಕಿ ಮಲಗುವ ಅಭ್ಯಾಸ ಇದ್ದರೆ ಕೆಲವು ತಿಂಗಳು ಮಂಚವೇ ಇರಲಿ.

ಕೆಮ್ಮು, ಸೀನು ಬರುತ್ತದೆ ಅನ್ನಿಸಿದ ತಕ್ಷಣ ಅಂಗೈಯನ್ನೋ ದಿಂಬನ್ನೋ ಬ್ಯಾಗಿನ ಮೇಲೆ ಅಗಲವಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಿ ಹಿಡಿಯಿರಿ. ಸ್ವಲ್ಪ ಮುಂದಕ್ಕೆ ಬಾಗಿ. ಜೋರಾಗಿ ನಗುವಾಗಲೂ ಅಷ್ಟೇ. ಎರಡು ವಾರದಲ್ಲಿ ಕೈ ತಾನಾಗಿಯೇ ಹೋಗುತ್ತದೆ. ಇದನ್ನು ಬಿಡಲೇಬೇಡಿ. ಜೂನ್, ಜುಲೈ ಮಳೆಯಲ್ಲಿ ನಮ್ಮ ಕಡೆ ಶೀತ, ಕೆಮ್ಮು ಇಲ್ಲದ ಮನೆ ಯಾವುದಿದೆ? ಕೆಮ್ಮು ಒಂದು ವಾರ ದಾಟಿದರೆ ಕಷಾಯದಲ್ಲೇ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಇನ್ನೊಂದು ಮುಖ್ಯ ವಿಷಯ. ಗುದದ್ವಾರ ಮುಚ್ಚಿದವರಿಗೂ ಹಿಂದಿನಿಂದ ಮಲ ಬರುತ್ತಿದೆ ಅನ್ನುವ ಭಾವನೆ ತಿಂಗಳುಗಟ್ಟಲೆ ಬರಬಹುದು. ಅದು ಸುಳ್ಳು ಭಾವನೆ, ಹೆದರಬೇಕಾಗಿಲ್ಲ. ಕಕ್ಕಸಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ತಿಣುಕುವುದು ಮಾತ್ರ ಬೇಡ. ಎರಡು ನಿಮಿಷ ನಿಧಾನ ಉಸಿರಾಡಿ, ಸ್ವಲ್ಪ ನಡೆಯಿರಿ, ಹೋಗುತ್ತದೆ.

ಹಂತ 3: ಹೊಟ್ಟೆಯ ಸ್ನಾಯುವನ್ನು ಎಬ್ಬಿಸುವುದು

"ಹೊಟ್ಟೆ ಕುಯ್ದವರಿಗೆ ವ್ಯಾಯಾಮವಾ?" ಅಂತ ಮನೆಯ ಹಿರಿಯರು ಗಾಬರಿಯಾಗುತ್ತಾರೆ. ಮೆಲ್ಲಗಿನ ವ್ಯಾಯಾಮವನ್ನು ಬೇಗನೇ ಶುರು ಮಾಡಿಸುವುದು ಈಗಿನ ಪದ್ಧತಿ. ಸರ್ಜನ್ ಒಪ್ಪಿದರೆ ಮೂರು ನಾಲ್ಕನೇ ದಿನದಿಂದಲೇ ಆಗುತ್ತದೆ. ಮೂರೇ ಮೂರು ಇವೆ, ಎಲ್ಲವನ್ನೂ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ಊರಿ ಮಾಡಬೇಕು.

ಒಂದು: ಹೊಕ್ಕುಳಿನ ಕೆಳಗೆ ಅಂಗೈ ಇಡಿ. ಉಸಿರು ಎಳೆದುಕೊಳ್ಳಿ. ಬಿಡುವಾಗ ಕೆಳಹೊಟ್ಟೆಯನ್ನು ಬೆನ್ನಿನ ಕಡೆಗೆ ಮೆಲ್ಲಗೆ ಎಳೆಯಿರಿ. ಬಿಗಿ ಪ್ಯಾಂಟಿನ ಗುಂಡಿ ಹಾಕುವಾಗ ಎಳೆದುಕೊಳ್ಳುತ್ತೇವಲ್ಲ, ಅದರ ಅರ್ಧದಷ್ಟು. ಮೂರು ಎಣಿಸಿ ಬಿಡಿ. ಐದು ಸಲ.

ಎರಡು: ಸೊಂಟದ ಹಿಂಭಾಗದ ಟೊಳ್ಳು ಹಾಸಿಗೆಗೆ ತಾಗುವ ಹಾಗೆ ಬೆನ್ನನ್ನು ಒತ್ತಿ, ಮೂರು ಎಣಿಸಿ, ಬಿಡಿ. ಐದು ಸಲ.

ಮೂರು: ಎರಡೂ ಮೊಣಕಾಲು ಜೋಡಿಸಿ ಸ್ವಲ್ಪವೇ ಎಡಕ್ಕೆ, ಆಮೇಲೆ ಬಲಕ್ಕೆ ವಾಲಿಸಿ. ನೆಲಕ್ಕೆ ಮುಟ್ಟಿಸಬೇಕಾಗಿಲ್ಲ. ಐದು ಸಲ.

ದಿನಕ್ಕೆ ಮೂರು ಹೊತ್ತು ಮಾಡಿ, ಪ್ರತಿ ಸಲ ಬ್ಯಾಗ್ ಖಾಲಿ ಮಾಡಿದ ಮೇಲೆ. ನೋವಾದರೆ ನಿಲ್ಲಿಸಿ. ಉಸಿರು ಕಟ್ಟಿದರೆ ಲಾಭಕ್ಕಿಂತ ನಷ್ಟ ಜಾಸ್ತಿ, ಹಾಗಾಗಿ ಬಾಯಿಂದ ಎಣಿಸುತ್ತಾ ಮಾಡಿ. ಎಣಿಸುವಾಗ ಉಸಿರು ಕಟ್ಟಲು ಆಗುವುದಿಲ್ಲ ಅಲ್ವಾ? ಇದರ ಜೊತೆ ನಡಿಗೆ. ಮೊದಲು ಅಂಗಳದ ಸುತ್ತ, ಆಮೇಲೆ ಗೇಟಿನವರೆಗೆ, ಆಮೇಲೆ ರಸ್ತೆಯವರೆಗೆ. ಪಾಚಿ ಕಟ್ಟಿದ ಅಂಗಳ, ತೋಟದ ಇಳಿಜಾರು ಮಳೆಗಾಲದಲ್ಲಿ ಬೇಡ. ಜಾರಿ ಬೀಳದಿರಲು ಮೈ ಬಿಗಿ ಹಿಡಿದಾಗಲೂ ಹೊಟ್ಟೆಗೆ ಏಟು.

ಮಾಡಬಾರದ್ದು: ಮಲಗಿ ತಲೆ, ಎದೆ ಎತ್ತುವ ವ್ಯಾಯಾಮ, ಎರಡೂ ಕಾಲು ಒಟ್ಟಿಗೆ ಎತ್ತುವುದು, ಕಪಾಲಭಾತಿ. ಯೋಗ ಗೊತ್ತಿದ್ದವರೇ ಈ ತಪ್ಪನ್ನು ಹೆಚ್ಚು ಮಾಡುತ್ತಾರೆ.

ಹಂತ 4: ಬೆಲ್ಟ್ ಆರಿಸುವುದು, ಹಾಕುವುದು

ಮೂರು ಬೇರೆ ಬೇರೆ ವಸ್ತುಗಳನ್ನು ಜನ ಒಂದೇ ಹೆಸರಿನಿಂದ ಕರೆಯುತ್ತಾರೆ. ಬ್ಯಾಗಿನ ಎರಡು ಕೊಕ್ಕೆಗೆ ಸಿಕ್ಕಿಸುವ ಸಪೂರ ಎಲಾಸ್ಟಿಕ್ ಪಟ್ಟಿ ಬ್ಯಾಗ್ ಬೀಳದಿರಲಿಕ್ಕೆ ಮಾತ್ರ. ಅದರಿಂದ ಹರ್ನಿಯಾ ತಡೆಯುವುದಿಲ್ಲ. ಹೆರಿಗೆ ಆದವರು ಕಟ್ಟುವ ಗಟ್ಟಿ ಬೆಲ್ಟ್ ಸ್ಟೋಮಾವನ್ನು ಅಮುಕುತ್ತದೆ, ಮಲ ಕೆಳಗಿಳಿಯದೆ ಬ್ಯಾಗಿನ ಗಮ್ಮಿನ ಅಡಿಗೆ ನುಗ್ಗುತ್ತದೆ. ನಿಮಗೆ ಬೇಕಾದದ್ದು ಸ್ಟೋಮಾದವರಿಗೆಂದೇ ಮಾಡಿದ, ಅಗಲವಾದ, ಹಿಗ್ಗುವ ಬಟ್ಟೆಯ ಬೆಲ್ಟ್ ಅಥವಾ ಒಳಉಡುಪು. ಬೆಲ್ಟಿನಲ್ಲಿ ಸ್ಟೋಮಾದ ಜಾಗಕ್ಕೆ ತೂತು ಇರುವುದಾ ಇಲ್ಲದ್ದಾ ಅನ್ನುವುದನ್ನು ಸ್ಟೋಮಾ ನರ್ಸ್ ನೋಡಿ ಹೇಳಲಿ. ಅಳತೆಯದಲ್ಲದ ತೂತಿನಿಂದ ಸ್ಟೋಮಾ ಇನ್ನಷ್ಟು ಹೊರಗೆ ಬರಬಹುದು.

ಅಳತೆ ತೆಗೆಯುವುದು ಸ್ಟೋಮಾ ಇರುವ ಮಟ್ಟದಲ್ಲಿ, ಸುತ್ತ. ಪ್ಯಾಂಟಿನ ಸೊಂಟದ ಅಳತೆ ಹೇಳಿ ತರಿಸಿದರೆ ಹೊಂದುವುದಿಲ್ಲ.

ಹಾಕುವ ಕ್ರಮವೂ ಮುಖ್ಯ. ಬ್ಯಾಗ್ ಖಾಲಿ ಮಾಡಿ. ಅಂಗಾತ ಮಲಗಿ. ಕರುಳು ಒಳಗೆ ಕೂರಲು ಎರಡು ನಿಮಿಷ ಬಿಡಿ. ಮಲಗಿಯೇ ಬೆಲ್ಟ್ ಹಾಕಿ. ಆಮೇಲೆ ಮಗ್ಗುಲಾಗಿ ಏಳಿ. ಎದ್ದು ಓಡಾಡಿ, ಕಾಫಿ ಕುಡಿದು, ಕೆಲಸಕ್ಕೆ ಹೊರಡುವಾಗ ನಿಂತು ಕಟ್ಟಿಕೊಂಡರೆ ಹೊರಗೆ ಬಂದದ್ದನ್ನು ಹೊರಗೇ ಕಟ್ಟಿದ ಹಾಗೆ. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಲಿ. ರಾತ್ರಿ ಮಲಗುವಾಗ ಬೇಡ. ಮಧ್ಯೆ ಮಧ್ಯೆ ಸಡಿಲಿಸಿ ಬ್ಯಾಗ್ ನೋಡಿ.

ನಮ್ಮ ಸೆಖೆಗೆ ಬೆಲ್ಟಿನ ಅಡಿ ಬೆವರಿ ಬೊಕ್ಕೆ ಏಳುತ್ತದೆ. ಒಳಗೆ ತೆಳುವಾದ ಹತ್ತಿ ಬನಿಯನ್ ಹಾಕಿ. ಎರಡು ಬೆಲ್ಟ್ ಬೇಕು ಅಂದದ್ದು ಇದಕ್ಕೇ, ಮಳೆಗಾಲದಲ್ಲಿ ಒಗೆದದ್ದು ಒಣಗಲು ಎರಡು ದಿನ ಬೇಕು.

ಬೆಲ್ಟ್ ಹಾಕಿದರೆ ಹರ್ನಿಯಾ ಬರುವುದೇ ಇಲ್ಲ ಅಂತ ಯಾರೂ ಖಾತ್ರಿ ಕೊಡಲಾರರು. ಕೆಲಸದ ಹೊತ್ತಿನಲ್ಲಿ ಮೊದಲ ಒಂದು ವರ್ಷ ಹಾಕಿ ಅಂತ ಅನುಭವಸ್ಥ ನರ್ಸ್‌ಗಳು ಹೇಳುತ್ತಾರೆ. ಬೆಲ್ಟ್ ಇದೆ ಅನ್ನುವ ಧೈರ್ಯದಲ್ಲಿ ಜಾಸ್ತಿ ಎತ್ತಿದರೆ ಅದು ಇದ್ದೂ ಇಲ್ಲದ ಹಾಗೆ.

ಹಂತ 5: ಭಾರದ ಲೆಕ್ಕ

ಇಲ್ಲಿ ತಕ್ಕಡಿ ಬೇಕು. "ಭಾರ" ಅಂದರೆ ಒಬ್ಬೊಬ್ಬರಿಗೆ ಒಂದೊಂದು. ಅಪ್ಪ ಬಾವಿಯಿಂದ ಕೊಡಪಾನ ತರುವುದನ್ನು ಕಂಡು ನಾನು ಗದರಿದೆ. "ಭಾರ ಎಲ್ಲಿ, ಇದು ನೀರಲ್ವಾ?" ಅಂದರು. ಅವರ ಕಣ್ಣಲ್ಲಿ ಗೋಣಿ ಮಾತ್ರ ಭಾರ. ಅದೇ ಕೊಡಪಾನವನ್ನು ತಕ್ಕಡಿಗೆ ಸಿಕ್ಕಿಸಿದೆವು. ಹದಿನಾಲ್ಕು ಕಿಲೋ. ಅಪ್ಪ ಮುಳ್ಳನ್ನು ಎರಡು ಸಲ ನೋಡಿದರು. ಆಮೇಲೆ ನಾವು ಮನೆಯಲ್ಲಿ ದಿನಾ ಎತ್ತುವುದನ್ನೆಲ್ಲ ಒಂದು ಸಂಜೆ ತೂಗಿ ನೋಟುಪುಸ್ತಕದಲ್ಲಿ ಬರೆದೆವು. ನೀವೂ ಹಾಗೆ ಮಾಡಿ. ಬಕೆಟ್ಟಿನ ನೀರು ಒಂದು ಲೀಟರಿಗೆ ಒಂದು ಕಿಲೋ. ಅಡುಗೆ ಗ್ಯಾಸ್ 14.2 ಕಿಲೋ, ಸಿಲಿಂಡರ್ ಸೇರಿದರೆ ಮೂವತ್ತರ ಹತ್ತಿರ. ಮೊಮ್ಮಗು ಎಷ್ಟು ಭಾರ ಅಂತಲೂ ಬರೆದಿಡಿ. ಅಜ್ಜಂದಿರು ಸೋಲುವುದು ಅಲ್ಲೇ.

ಮೊದಲ ಆರರಿಂದ ಎಂಟು ವಾರ ಎತ್ತುವ ಭಾರ ಸುಮಾರು ಎರಡು ಕಿಲೋ ಮೀರಬಾರದು, ಅಂದರೆ ಅರ್ಧ ಲೀಟರಿನ ನಾಲ್ಕು ಹಾಲಿನ ಪ್ಯಾಕೆಟ್. ಮೂರನೇ ತಿಂಗಳ ಕೊನೆಯವರೆಗೆ ಅದನ್ನು ನಿಧಾನ ಏರಿಸಿ. ಆಮೇಲೂ ಒಮ್ಮೆಲೇ ಹಳೆಯ ಕೆಲಸಕ್ಕೆ ಹೋಗಬೇಡಿ. ವಾರಕ್ಕೆ ಒಂದಿಷ್ಟು ಅಂತ ಹೆಚ್ಚಿಸಿ. ಎತ್ತಿದಾಗ ಸ್ಟೋಮಾದ ಪಕ್ಕ ಎಳೆದ ಹಾಗಾದರೆ ಹಿಂದಿನ ವಾರದ ಲೆಕ್ಕಕ್ಕೆ ಬನ್ನಿ. ಗೋಣಿ ಹೊರುವುದು, ಗ್ಯಾಸ್ ಎತ್ತುವುದು ಮಾತ್ರ ಶಾಶ್ವತವಾಗಿ ಬೇರೆಯವರಿಗೆ ಬಿಡಿ.

ಎತ್ತುವ ರೀತಿ: ವಸ್ತುವಿನ ಹತ್ತಿರ ನಿಲ್ಲಿ, ಮೊಣಕಾಲು ಮಡಚಿ, ಕೆಳಹೊಟ್ಟೆ ಎಳೆದುಕೊಳ್ಳಿ (ಹಂತ 3ರ ಮೊದಲನೆಯದು ಇಲ್ಲಿ ಕೆಲಸಕ್ಕೆ ಬರುತ್ತದೆ), ಉಸಿರು ಬಿಡುತ್ತಾ ಎತ್ತಿ, ಮೈಗೆ ತಾಗಿಸಿ ಹಿಡಿಯಿರಿ.

ಎತ್ತದೆಯೂ ಒತ್ತಡ ಬೀಳುವ ಕೆಲಸಗಳಿವೆ. ಕಬ್ಬಿಣದ ಗೂಟಕ್ಕೆ ತೆಂಗಿನಕಾಯಿ ಚುಚ್ಚಿ ಸುಲಿಯುವುದು ಇಡೀ ಮೈಭಾರ ಹೊಟ್ಟೆಯ ಮೂಲಕ ಹೋಗುವ ಕೆಲಸ. ಬಾವಿಯ ಹಗ್ಗ ಜಗ್ಗುವುದು, ಹುಲ್ಲಿನ ಹೊರೆಯನ್ನು ತಲೆಗೆ ಏರಿಸುವುದು, ಬೆನ್ನಿಗೆ ಪಂಪು ಕಟ್ಟಿ ಔಷಧಿ ಬಿಡುವುದು, ಕೊಕ್ಕೆ ಹಿಡಿದು ಅಡಿಕೆ ಕೊಯ್ಯುವುದು, ಕೆಸರಲ್ಲಿ ಸಿಕ್ಕಿದ ಕೈಗಾಡಿ ತಳ್ಳುವುದು. ಮೊದಲ ವರ್ಷ ಇವು ಬೇಡ. ಅಡಿಕೆ ಸುಲಿಯುವುದು, ಆರಿಸುವುದು, ಬೀಡಿ ಕಟ್ಟುವುದು ಆಗಬಹುದು, ಆದರೆ ಗಂಟೆಗೊಮ್ಮೆ ಎದ್ದು ಓಡಾಡಿ. ಹಾಲು ಕರೆಯಲು ಎತ್ತರದ ಸ್ಟೂಲು ಇಟ್ಟುಕೊಳ್ಳಿ.

ಕೂಲಿಗೆ ಹೋಗುವವರಿಗೆ ಇಷ್ಟೆಲ್ಲ ಸಾಧ್ಯವಾ ಅಂತ ಕೇಳುತ್ತಾರೆ. ಕಷ್ಟ ಇದೆ, ನನಗೆ ಗೊತ್ತು. ಮೇಸ್ತ್ರಿಯ ಹತ್ತಿರ ಮೊದಲೇ ಹೇಳಿ, ಕಲ್ಲು ಹೊರುವ ಬದಲು ಬೇರೆ ಕೆಲಸ ಕೇಳಿ. ಡಾಕ್ಟರ ಪತ್ರ ಕೈಯಲ್ಲಿದ್ದರೆ ಮಾತು ಸುಲಭ.

ಹಂತ 6: ಊಟ ಮತ್ತು ತೂಕ

ಇಲ್ಲಿ ಎರಡು ದಾರಿ ಇದೆ, ಬೆರೆಸಬೇಡಿ.

ಕೊಲೊಸ್ಟೊಮಿ ಇದ್ದರೆ ಮಲ ಗಟ್ಟಿಯಾಗದ ಹಾಗೆ ನೋಡಿಕೊಳ್ಳಿ. ಸಾಕಷ್ಟು ನೀರು, ಪಪ್ಪಾಯಿ, ಹರಿವೆ, ಬಸಳೆ. ನೋವಿನ ಕೆಲವು ಮಾತ್ರೆ, ಕಬ್ಬಿಣದ ಮಾತ್ರೆ ಮಲ ಕಟ್ಟಿಸುತ್ತವೆ, ಡಾಕ್ಟರಿಗೆ ಹೇಳಿ.

ಇಲಿಯೊಸ್ಟೊಮಿ, ಅಂದರೆ ಸಣ್ಣ ಕರುಳಿನ ಸ್ಟೋಮಾ ಆದರೆ ನಾರಿನ ವಿಷಯದಲ್ಲಿ ಜಾಗ್ರತೆ. ತೆಂಗಿನಕಾಯಿ ಚೂರು, ಹಲಸು, ಬಾಳೆದಿಂಡು, ಅಣಬೆ ಸ್ಟೋಮಾದ ಬಾಯಲ್ಲಿ ಸಿಕ್ಕಿಬೀಳಬಹುದು. ಮೊದಲ ಆರೆಂಟು ವಾರ ಬಿಟ್ಟೇಬಿಡಿ, ಆಮೇಲೆ ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು. ಉಪ್ಪು ಹಾಕಿದ ಗಂಜಿ ಒಳ್ಳೆಯದು. ಜಾಸ್ತಿ ನೀರಾಗಿ ಹೋಗುತ್ತಿದ್ದರೆ ಎಳನೀರನ್ನೇ ನಂಬಬೇಡಿ, ಅದರಲ್ಲಿ ಸೋಡಿಯಂ ಕಡಿಮೆ. ಓಆರ್‌ಎಸ್ ಕುಡಿಯಿರಿ.

ತೂಕದ ಮಾತು ಇಬ್ಬರಿಗೂ ಒಂದೇ. ಗಾಯ ಮಾಯುವವರೆಗೆ ಮೀನು, ಮೊಟ್ಟೆ, ಬೇಳೆ, ಹೆಸರು ಚೆನ್ನಾಗಿ ತಿನ್ನಬೇಕು. ಆಮೇಲೂ ನೋಡಲು ಬಂದವರು ಹೋಳಿಗೆ, ಹಲ್ವ ತರುತ್ತಲೇ ಇರುತ್ತಾರೆ. ಕೂತಲ್ಲೇ ತಿಂದರೆ ಹೊಟ್ಟೆ ಬರುತ್ತದೆ. ಸೊಂಟದ ಸುತ್ತಳತೆ 100 ಸೆಂಟಿಮೀಟರ್ ದಾಟಿದವರಿಗೆ ಅಪಾಯ ಹೆಚ್ಚು. ತಿಂಗಳಿಗೊಮ್ಮೆ ಟೇಪು ಹಿಡಿಯಿರಿ.

ಹಂತ 7: ತಿಂಗಳಿಗೊಮ್ಮೆ ಪರೀಕ್ಷೆ

ಅಪ್ಪನ ಹರ್ನಿಯಾ ಮೊದಲು ಕಂಡದ್ದು ಹೊಟ್ಟೆಯಲ್ಲಲ್ಲ, ಬ್ಯಾಗಿನಲ್ಲಿ. ಗಮ್ಮಿನ ಕೆಳಗಿನ ಅಂಚು ಪದೇ ಪದೇ ಬಿಡುತ್ತಿತ್ತು. ಬ್ಯಾಗ್ ಸರಿ ಇಲ್ಲ ಅಂದುಕೊಂಡು ಎರಡು ತಿಂಗಳು ಬೇರೆ ಬೇರೆ ಬ್ಯಾಗ್ ತಂದೆವು. ಕೊನೆಗೆ ಕಾರ್ಡು ಇಟ್ಟು ನೋಡಿದಾಗ ದುಂಡಗಿದ್ದ ಸ್ಟೋಮಾ ಮೊಟ್ಟೆಯಾಕಾರ ಆಗಿತ್ತು.

ಹಾಗಾಗಿ ತಿಂಗಳಿಗೊಂದು ದಿನ ಇಟ್ಟುಕೊಳ್ಳಿ, ಬ್ಯಾಗ್ ಬದಲಿಸುವ ದಿನವೇ ಆಗಲಿ. ಕಾರ್ಡಿನಲ್ಲಿ ಸ್ಟೋಮಾ ಅಳೆಯಿರಿ. ಮೊದಲ ಆರೆಂಟು ವಾರ ಅದು ಸಣ್ಣದಾಗುತ್ತಾ ಹೋಗುತ್ತದೆ, ಅದು ಸಹಜ. ಆಮೇಲೆ ದೊಡ್ಡದಾದರೆ ಬರೆದಿಡಿ. ಹೊಸ ಬ್ಯಾಗ್ ಹಾಕಿ ಕನ್ನಡಿಯ ಮುಂದೆ ನಿಂತು ಎರಡೂ ಬದಿ ಹೋಲಿಸಿ. ಅಂಗೈಯನ್ನು ಸ್ಟೋಮಾದ ಪಕ್ಕ ಇಟ್ಟು ಒಮ್ಮೆ ಮೆಲ್ಲಗೆ ಕೆಮ್ಮಿ. ಕೈಗೆ ಏನಾದರೂ ತಳ್ಳಿದ ಹಾಗಾಗುತ್ತದಾ? ಮಲಗಿದಾಗ ಅದು ಮಾಯವಾಗುತ್ತದಾ? ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ.

ಉಬ್ಬು, ಎಳೆತ, ಸಂಜೆಯ ಹೊತ್ತಿಗೆ ಭಾರವಾದ ಭಾವನೆ, ಪದೇ ಪದೇ ಸೋರಿಕೆ ಕಂಡರೆ ಅದೇ ವಾರ ತೋರಿಸಿ. ಹರ್ನಿಯಾ ಅಂತಾದರೂ ಎಲ್ಲರಿಗೂ ಮತ್ತೆ ಆಪರೇಷನ್ ಬೇಕಾಗುವುದಿಲ್ಲ. ಸರಿಯಾದ ಬೆಲ್ಟ್, ಬ್ಯಾಗಿನ ಬದಲಾವಣೆಯಲ್ಲೇ ಎಷ್ಟೋ ಜನ ಆರಾಮಾಗಿ ಇದ್ದಾರೆ. ಮಂಗಳೂರಿನ ಅಥವಾ ಪರಿಯಾರದ ದೊಡ್ಡ ಆಸ್ಪತ್ರೆಗೆ ಪ್ರತಿ ಸಲ ಓಡಲು ಆಗದಿದ್ದರೆ ನಿಮ್ಮ ಪಂಚಾಯತಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಾಲಿಯೇಟಿವ್ ನರ್ಸ್, ಅಂದರೆ ದೀರ್ಘಕಾಲದ ಕಾಯಿಲೆಯವರ ಆರೈಕೆ ಮಾಡುವ ನರ್ಸ್ ಬಗ್ಗೆ ಕೇಳಿ. ಕೇರಳದಲ್ಲಿ 2008ರ ಪಾಲಿಯೇಟಿವ್ ನೀತಿಯ ನಂತರ ಪಂಚಾಯತಿನ ಮೂಲಕ ಮನೆಗೇ ಬಂದು ನೋಡುವ ವ್ಯವಸ್ಥೆ ಬೆಳೆದಿದೆ. ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು.

ಕಾಯಬಾರದ ಲಕ್ಷಣಗಳು

ಸ್ಟೋಮಾದ ಬಣ್ಣ ನೇರಳೆ, ನೀಲಿ ಅಥವಾ ಕಪ್ಪಾಗುವುದು. ಆರೋಗ್ಯವಾಗಿದ್ದರೆ ಅದು ಬಾಯಿಯ ಒಳಭಾಗದ ಹಾಗೆ ಕೆಂಪು. ಉಬ್ಬು ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದಿರುವುದು. ಬಿಡದ ಹೊಟ್ಟೆನೋವು, ವಾಂತಿ, ಹೊಟ್ಟೆ ಬಿಗಿಯುವುದು, ಬ್ಯಾಗಿಗೆ ಮಲವೂ ಗಾಳಿಯೂ ಬಾರದಿರುವುದು. ಇಲಿಯೊಸ್ಟೊಮಿಯಲ್ಲಿ ನಾಲ್ಕರಿಂದ ಆರು ಗಂಟೆ ಏನೂ ಬಾರದೆ ಹೊಟ್ಟೆ ಹಿಂಡುತ್ತಿದ್ದರೆ ಅಷ್ಟೇ ಸಾಕು, ಹೊರಡಿ. ಕರುಳು ಸಿಕ್ಕಿ ರಕ್ತ ಓಡಾಟ ನಿಂತಿರಬಹುದು. ಉಬ್ಬನ್ನು ಕೈಯಿಂದ ಒತ್ತಿ ಒಳಗೆ ತಳ್ಳಬೇಡಿ, ಎಣ್ಣೆ ಉಜ್ಜಬೇಡಿ, ಭೇದಿ ಮಾತ್ರೆ ನುಂಗಬೇಡಿ, ಏನನ್ನೂ ತಿನ್ನಬೇಡಿ. ಬೆಳಗಾಗಲಿ ಅಂತ ಕಾಯಬೇಡಿ. ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ.

ಅಂಥ ರಾತ್ರಿಗೆ ಒಂದು ಚೀಟಿ ಮೊದಲೇ ಬರೆದು ಪರ್ಸಿನಲ್ಲಿಡಿ: ಯಾವ ಆಪರೇಷನ್, ಯಾವ ತಾರೀಕು, ಕೊಲೊಸ್ಟೊಮಿಯಾ ಇಲಿಯೊಸ್ಟೊಮಿಯಾ, ಮೆಶ್ ಹಾಕಿದೆಯಾ, ಸ್ಟೋಮಾದ ಈಗಿನ ಅಳತೆ, ತೆಗೆದುಕೊಳ್ಳುವ ಮಾತ್ರೆಗಳು. ಇಂಗ್ಲಿಷಿನಲ್ಲಿ ಬರೆಸಿ. ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆ ಹೋದರೂ ಈಚೆ ಹೋದರೂ ಓದುತ್ತಾರೆ. ಅದರ ಜೊತೆ ಎರಡು ಬ್ಯಾಗ್, ಒಂದು ಕತ್ತರಿ, ಒಂದು ಹಳೆಯ ಮುಂಡು. ನಮ್ಮ ಮನೆಯಲ್ಲಿ ಇವು ಬಾಗಿಲ ಹಿಂದಿನ ಮೊಳೆಯಲ್ಲಿ, ಒಂದು ಬಟ್ಟೆಯ ಚೀಲದಲ್ಲಿ ಇವೆ.